ಯಾರ ಜೊತೆಯಾದರೂ ಸರಿ

ಮಗಳು ಓದಿನಲ್ಲಿ ಹೇಗಿದ್ದಾಳೆ ಅಂತ ಕೇಳಲು ಹೋದರೆ ಶಾಲೆಯವರು ಅವಳು ‘ಅರಳುತ್ತಿದ್ದಾಳೆ’ ಅನ್ನುತ್ತಾರೆ. ಪ್ರತಿ ವರ್ಷವೂ ಇದೇ ಉತ್ತರ. ಅರಳುವುದಕ್ಕೆ ಅವಳೇನು ದಾಸವಾಳವೇ? ನನಗೆ ಬೇಕಾಗಿದ್ದದ್ದು ನೂರಕ್ಕೆ ಎಷ್ಟು ಅನ್ನುವ ಒಂದು ಅಂಕೆ. ‘ಗಣಿತದಲ್ಲಿ ಎಷ್ಟು ಬಂದಿದೆ?’ ಎಂದು ಕೇಳಿದರೆ, ಅದಿತಿ ಗಣಿತದ ಜೊತೆ ಒಳ್ಳೆಯ ಸ್ನೇಹ ಬೆಳೆಸಿಕೊಳ್ಳುತ್ತಿದ್ದಾಳೆ ಎಂದು ಟೀಚರು ನಗುತ್ತಾ ಹೇಳಿದರು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕಿರಣ್ ಹೌದೌದು ಅಂತ ತಲೆಯಾಡಿಸಿದ. ಡಬ್ಲಿನ್ ಹತ್ತಿರದ ಲೀಕ್ಸ್‌ಲಿಪ್‌ನ ಚಿಪ್ ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾರಾಡುವ ಮನುಷ್ಯ, ಮಗಳ ವಿಷಯ ಬಂದರೆ ಇಲ್ಲಿಯವರ ಹಾಗೆ ‘ಗ್ರ್ಯಾಂಡ್, ಗ್ರ್ಯಾಂಡ್’ ಅಂದು ಎದ್ದು ಬರುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸಂಸಾರ ನಮ್ಮದು.

ನಾನು ಕಾತ್ಯಾಯಿನಿ, ಮೈಸೂರಿನವಳು. ಇಲ್ಲಿಯವರ ನಾಲಿಗೆಗೆ ನನ್ನ ಹೆಸರು ಹೊರಳುವುದಿಲ್ಲವಾದ್ದರಿಂದ ಆಫೀಸಿನಲ್ಲಿ ಕ್ಯಾಟ್. ಹೆಸರು ಬೆಕ್ಕಾದರೂ ಸಹಿಸಿಕೊಂಡೆ, ಅಂಕೆಯಿಲ್ಲದ ಶಾಲೆಯನ್ನು ಮಾತ್ರ ಸಹಿಸಿಕೊಳ್ಳಲು ಆಗಲಿಲ್ಲ. ಅದಿತಿಯದು ಮೇನೂತ್ ಹತ್ತಿರದ ಒಂದು ಪ್ರೆಪ್ ಶಾಲೆ. ಅಲ್ಲಿ ಆರನೇ ಕ್ಲಾಸಿನವರೆಗೆ ಓದಿ, ಆಮೇಲೆ ಆಟದ ಮೈದಾನದ ಆಚೆಗಿರುವ ಅದೇ ಆಡಳಿತದ ಸೀನಿಯರ್ ಶಾಲೆಗೆ ಹೋಗಬೇಕು. ಕೊನೆಯ ಎರಡು ವರ್ಷ ಮಕ್ಕಳನ್ನು ಸೀನಿಯರ್ ಶಾಲೆಗೆ ಸಿದ್ಧ ಮಾಡುವುದಕ್ಕೆಂದೇ ಒಂದು ಪಠ್ಯಕ್ರಮವಿದೆ. ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ. ಬರೀ ಸ್ಕಿಲ್. ಕೂಡಿ ಕೆಲಸ ಮಾಡುವ ಸ್ಕಿಲ್, ಕೇಳಿಸಿಕೊಳ್ಳುವ ಸ್ಕಿಲ್, ಬಿದ್ದರೆ ಏಳುವ ಸ್ಕಿಲ್. ನಾವೆಲ್ಲ ಏನು ಬಿದ್ದಲ್ಲೇ ಬಿದ್ದುಕೊಂಡಿದ್ದೆವೇ? ನಮಗೆ ಯಾರು ಕ್ಲಾಸ್ ಮಾಡಿದ್ದರು?

ಇರಲಿ. ನನ್ನ ಚಿಂತೆ ಅದಲ್ಲ, ಸೀಟು. ಸುತ್ತಮುತ್ತಲಿನ ಬೇರೆ ಶಾಲೆಗಳೆಲ್ಲ ಅರ್ಜಿ ತೆಗೆದುಕೊಳ್ಳುವುದನ್ನು ಹಿಂದಿನ ವರ್ಷವೇ ನಿಲ್ಲಿಸಿದ್ದವು. ಮೈದಾನದಾಚೆಯ ಈ ಸೀನಿಯರ್ ಶಾಲೆ ಕೈಬಿಟ್ಟರೆ ನನ್ನ ಮಗಳಿಗೆ ಶಾಲೆಯೇ ಇಲ್ಲ. ಕಿರಣನಿಗೆ ಇದನ್ನು ಹೇಳಿದರೆ, “ಅದೇ ಸ್ಕೂಲ್ ಅಲ್ವೇನೇ, ಯಾಕೆ ಬಿಡ್ತಾರೆ?” ಎಂದು ಟಿವಿ ಕಡೆ ತಿರುಗಿದ.

ಅದಿತಿ ಆರನೇ ಕ್ಲಾಸಿನಲ್ಲಿದ್ದಾಗ, ಜನವರಿಯಲ್ಲಿ ಸೀನಿಯರ್ ಶಾಲೆಯಿಂದ ಮಿಸಸ್ ಗೆರಾಟಿ ಎನ್ನುವವರು ಬಂದು ಪೋಷಕರ ಸಭೆ ಮಾಡಿದರು. ಮೊದಲ ವರ್ಷಕ್ಕೆ ಬರುವ ಮಕ್ಕಳ ಜವಾಬ್ದಾರಿ ಅವರದು. ಬಿಳಿ ಕೂದಲು, ಕೆಂಪು ಕಾರ್ಡಿಗನ್, ಬೆಣ್ಣೆಯಂಥ ಮಾತು. ಮಾರ್ಚಿನಲ್ಲಿ ಪ್ರತಿ ಮಗುವಿನ ಜೊತೆ ನಮ್ಮ ಟೀಚರೊಬ್ಬರು ಕೂತು ಒಂದಷ್ಟು ಮಾತಾಡುತ್ತಾರೆ, ಇದು ಇಂಟರ್ವ್ಯೂ ಅಲ್ಲ, ಇದರಲ್ಲಿ ಯಾರೂ ಪಾಸಾಗುವುದಿಲ್ಲ, ಯಾರೂ ಫೇಲಾಗುವುದಿಲ್ಲ, ದಯವಿಟ್ಟು ಮನೆಯಲ್ಲಿ ಏನೂ ತಯಾರಿ ಮಾಡಿಸಬೇಡಿ ಎಂದರು.

ಪಕ್ಕದಲ್ಲಿ ಅದಿತಿಯ ಕ್ಲಾಸಿನ ಆಕಾಶ್, ಸೋನಲ್ ಮನೆಯವರು ಕೂತಿದ್ದರು. ನಾನು ಆಕಾಶನ ಅಮ್ಮನ ಮುಖ ನೋಡಿದೆ. ಆಕೆ ಸೋನಲ್‌ಳ ಅಪ್ಪನ ಮುಖ ನೋಡಿದಳು. ನಮಗೆ ಅರ್ಥವಾಗದ್ದೇನಿದೆ? ಬೆಂಗಳೂರಿನಲ್ಲಿ ಎಲ್‌ಕೆಜಿಗೆ ಸೇರಿಸುವಾಗಲೂ ಹೀಗೇ ‘ಇಂಟರ್ವ್ಯೂ ಇಲ್ಲ, ಬರೀ ಇಂಟರಾಕ್ಷನ್’ ಅಂತ ಬೋರ್ಡು ಹಾಕಿರುತ್ತಾರೆ. ಅದನ್ನು ನಂಬಿ ಸುಮ್ಮನೆ ಕೂತ ನನ್ನ ಅಕ್ಕನ ಮಗನಿಗೆ ಸೀಟು ಸಿಗಲಿಲ್ಲ. ತಯಾರಿ ಬೇಡ ಅಂದರೆ ಚೆನ್ನಾಗಿ ತಯಾರಿ ಮಾಡಿ ಅಂತಲೇ ಅರ್ಥ.

ಹೊರಗೆ ಬಂದಾಗ ಹೆಲೆನ್ ಸಿಕ್ಕಳು. ಹೆಲೆನ್ ಮಂಗಳೂರಿನ ಕಡೆಯವಳು, ಮೇನೂತಿನ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸ. ಅವಳ ಮಗಳು ಶೆರಿನ್, ನನ್ನ ಅದಿತಿ ಇಬ್ಬರೂ ಶಾಲೆಗೆ ಕಾಲಿಟ್ಟ ದಿನದಿಂದ ಒಂದೇ ಬೆಂಚು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಊಟ ಬಿಡುತ್ತಾಳೆ. ತಮ್ಮದೇ ಒಂದು ಭಾಷೆಯಲ್ಲಿ ಗುಸುಗುಸು ಅನ್ನುತ್ತಿರುತ್ತವೆ. ನಾನು ಹೆಲೆನ್‌ಗೆ ಹೇಳಿದೆ, “ನಾವೆಲ್ಲ ಸೇರ್ಕೊಂಡು ಕೋಚಿಂಗ್ ಮಾಡಿಸೋಣ ಅಂತಿದ್ದೀವಿ ಕಣೆ. ಶೆರಿನ್‌ನೂ ಕಳಿಸು.”

“ಎಂತಕ್ಕೆ?” ಎಂದಳು ಹೆಲೆನ್. “ಅವರು ಇಂಟರ್ವ್ಯೂ ಅಲ್ಲ ಅಂತ ಹೇಳಿದ್ರಲ್ಲ?”

“ಹಾಗೇ ಹೇಳೋದು ಅವ್ರು.”

“ಅಲ್ಲ ಅಂದ್ರೆ ಅಲ್ಲ ಮಾರಾಯ್ತಿ. ನೀನು ಸುಮ್ನೆ ಮಂಡೆಬಿಸಿ ಮಾಡ್ಕೊಳ್ಳುದು. ಶನಿವಾರ ಒಂದು ದಿನ ಮಕ್ಕಳು ಮಲಗ್ಲಿ.”

ನನಗೆ ಮೈಯೆಲ್ಲ ಉರಿಯಿತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂದುಕೊಂಡೆ. ಮಗಳ ಭವಿಷ್ಯದ ಮೇಲೆ ಇಷ್ಟು ಉದಾಸೀನ ಮಾಡುವ ತಾಯಿಯನ್ನು ನಾನು ಕಂಡಿರಲಿಲ್ಲ. ಆಮೇಲೆ ಸೀಟಿಲ್ಲ ಅಂತ ಅತ್ತುಕೊಂಡು ಬರಲಿ, ಆಗ ನೋಡೋಣ ಎಂದುಕೊಂಡು ಕಾರು ಹತ್ತಿದೆ.

ಕೋಚಿಂಗಿಗೆ ಸಿಕ್ಕವರು ಹೇಮಚಂದ್ರ. ಈಗ ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅದಕ್ಕೂ ಮುಂಚೆ ವಿಜಯನಗರದಲ್ಲಿ ಸಿಇಟಿ ಟ್ಯೂಷನ್ ನಡೆಸುತ್ತಿದ್ದವರು. ಮೇನೂತಿನ ಅವರ ಮನೆಯ ಹಾಲಿನಲ್ಲಿ ಸೋಫಾ ಸರಿಸಿ ವೈಟ್‌ಬೋರ್ಡ್ ನಿಲ್ಲಿಸಿದರು. ಮೊದಲ ದಿನ ನಮ್ಮನ್ನೂ ಕೂರಿಸಿಕೊಂಡು ಭಾಷಣ ಮಾಡಿದರು.

“ಸ್ಕಿಲ್ ಅಂದ್ರೇನು ಮೇಡಂ? ಅದೂ ಒಂದು ಸಬ್ಜೆಕ್ಟೇ. ಸಬ್ಜೆಕ್ಟ್ ಅಂದ್ಮೇಲೆ ಸಿಲಬಸ್ ಇರುತ್ತೆ. ಸಿಲಬಸ್ ಇದ್ಮೇಲೆ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಇದ್ದೇ ಇರುತ್ತೆ. ಅಷ್ಟನ್ನ ಉರು ಹೊಡೆದ್ರೆ ಆಯ್ತು.”

ಎಷ್ಟೋ ವರ್ಷದ ಮೇಲೆ ಒಬ್ಬ ಮನುಷ್ಯ ನನಗೆ ಅರ್ಥವಾಗುವ ಹಾಗೆ ಮಾತಾಡಿದ್ದ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಶನಿವಾರಗಳು ಶುರುವಾದವು. ಅದಿತಿ, ಆಕಾಶ್, ಸೋನಲ್ ಮೂವರೂ ವೈಟ್‌ಬೋರ್ಡಿನ ಮುಂದೆ ಸಾಲಾಗಿ ಕೂತು ಕೂಡಿ ಕೆಲಸ ಮಾಡುವ ಸ್ಕಿಲ್ಲನ್ನು ಒಬ್ಬೊಬ್ಬರಾಗಿ ಬಾಯಿಪಾಠ ಮಾಡಿದರು. ತಂಡದಲ್ಲಿ ಜಗಳವಾದರೆ ಏನು ಮಾಡುತ್ತೀಯ? ಮೊದಲು ಎಲ್ಲರ ಮಾತು ಕೇಳುತ್ತೇನೆ. ಎಲ್ಲರ ಮಾತು ಕೇಳುವಾಗ ಏನು ಮಾಡುತ್ತೀಯ? ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇನೆ. ಪಕ್ಕದಲ್ಲಿ ಆಕಾಶ್ ಪೆನ್ನು ಕಿತ್ತುಕೊಂಡನೆಂದು ಸೋನಲ್ ದೂರು ಹೇಳಿದರೆ, “ಅದೆಲ್ಲ ಆಮೇಲೆ, ಮೊದಲು ಟೀಮ್‌ವರ್ಕ್ ಮುಗಿಸಿ” ಎಂದು ಹೇಮಚಂದ್ರ ಗದರಿಸುತ್ತಿದ್ದರು.

ಕಷ್ಟವಾದದ್ದು ಸೋಲಿನ ಪಾಠದಲ್ಲಿ. ನೀನು ಯಾವಾಗ ಸೋತೆ, ಅದರಿಂದ ಏನು ಕಲಿತೆ ಎನ್ನುವ ಪ್ರಶ್ನೆ ಗ್ಯಾರಂಟಿ ಬರುತ್ತದೆ, ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಮಗುವಿನ ಒಂದು ಸೋಲನ್ನು ಕಳಿಸಿ ಎಂದು ಹೇಮಚಂದ್ರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಬೆಳಗಾದರೆ ಗುಡ್ ಮಾರ್ನಿಂಗ್, ಸಂಜೆಯಾದರೆ ಕರಿಬೇವು ಎಲ್ಲಿ ಸಿಗುತ್ತದೆ ಎಂದು ಕಿರುಗುಟ್ಟುವ ಗುಂಪು ಒಮ್ಮೆಗೇ ಮೌನವಾಯಿತು. ಮಾರನೇ ದಿನ ಆಕಾಶನ ಅಮ್ಮ, ನಮ್ಮ ಆಕಾಶ್ ಅಂಥದ್ದೇನೂ ಮಾಡಿಲ್ಲ ಸರ್, ಎಂದು ಬರೆದಳು. ಸೋನಲ್‌ಳ ಅಪ್ಪ ತುಂಬ ಯೋಚಿಸಿ, ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಅವಳಿಗೆ ಎರಡನೇ ಸ್ಥಾನ ಬಂದದ್ದನ್ನು ಸೋಲು ಅಂತ ಹಾಕಬಹುದಾ ಎಂದು ಕೇಳಿದರು. ನಾನಂತೂ ಏನೂ ಕಳಿಸಲಿಲ್ಲ. ನನ್ನ ಮಗಳು ಸೋತಳು ಅಂತ ನನ್ನ ಕೈಯಾರೆ ಬರೆದುಕೊಡಲೇ? ಇವತ್ತು ಲೀಕ್ಸ್‌ಲಿಪ್‌ನಲ್ಲಿ ಬರೆದರೆ ನಾಳೆ ಮೈಸೂರಿನಲ್ಲಿ ಓದುತ್ತಾರೆ.

ಕೊನೆಗೆ ಹೇಮಚಂದ್ರರೇ ಬೇಸತ್ತು ಒಂದು ಮಾದರಿ ಸೋಲನ್ನು ಕೊಟ್ಟರು. ಪಕ್ಕದ ಮನೆಯ ಮುದುಕಿ ಮಿಸಸ್ ನೋಲನ್ ಹುಟ್ಟುಹಬ್ಬಕ್ಕೆ ನಾನು ಕೇಕ್ ಮಾಡಿದೆ, ಸಕ್ಕರೆ ಅಂದುಕೊಂಡು ಉಪ್ಪು ಹಾಕಿದೆ, ತುಂಬ ಅತ್ತೆ, ಆಮೇಲೆ ಯೋಚಿಸಿದೆ, ಇನ್ನು ಮುಂದೆ ಡಬ್ಬಗಳ ಮೇಲೆ ಹೆಸರು ಬರೆಯುತ್ತೇನೆ. ಇದು ಬರೀ ಮಾದರಿ, ನಿಮ್ಮ ನಿಮ್ಮದನ್ನು ಹೀಗೆ ಬರೆದುಕೊಳ್ಳಿ ಎಂದರು. ಗೈಡಿನಲ್ಲಿದ್ದ ಮಾದರಿ ಪ್ರಬಂಧವನ್ನೇ ಬರೆದು ಪಾಸಾದ ಜನ ನಾವು. ಮೂರು ಮನೆಯಲ್ಲೂ ಮಕ್ಕಳು ಕೇಕಿಗೆ ಉಪ್ಪು ಹಾಕುವುದನ್ನು ಕಲಿತರು.

ಅದಿತಿ ಯಾವುದಕ್ಕೂ ತಕರಾರು ಮಾಡಲಿಲ್ಲ. ಹೇಳಿಕೊಟ್ಟದ್ದನ್ನು ಹೇಳಿದಳು. ಒಂದೇ ಒಂದು ಸಲ, ಕ್ಲಾಸು ಮುಗಿಸಿಕೊಂಡು ಕಾರಿನಲ್ಲಿ ಬರುವಾಗ, ನನ್ನನ್ನು ತಡೆದು ಕೇಳಿದಳು. ಆ ದಿನ ಹೇಮಚಂದ್ರ ಒಂದು ಹೊಸ ಪ್ರಶ್ನೆ ಕೊಟ್ಟಿದ್ದರು. ನಿನಗೆ ಯಾರ ಜೊತೆ ಇರುವುದು ಇಷ್ಟ, ಯಾರ ಜೊತೆ ಚೆನ್ನಾಗಿ ಕೆಲಸ ಮಾಡುತ್ತೀಯ? ಇದು ಬಲೆ, ಇದಕ್ಕೆ ಒಬ್ಬರ ಹೆಸರು ಹೇಳಿದರೆ ಈ ಮಗು ಇನ್ನೊಬ್ಬರ ಮೇಲೆ ಆತುಕೊಂಡಿದೆ ಅಂತ ಬರೆದುಕೊಳ್ಳುತ್ತಾರೆ, ಆದ್ದರಿಂದ ‘ಯಾರ ಜೊತೆಯಾದರೂ ಸರಿ, ಪ್ರತಿಯೊಬ್ಬರಿಂದಲೂ ಕಲಿಯುವುದಿರುತ್ತದೆ’ ಅಂತ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದ್ದರು.

“ಅಮ್ಮ, ಕ್ಯಾನ್ ಐ ನಾಟ್ ಜಸ್ಟ್ ಸೇ ಶೆರಿನ್?” ಎಂದಳು ಅದಿತಿ, ಇಲ್ಲಿಯ ಕಿಲ್ಡೇರ್ ಜಿಲ್ಲೆಯವರ ರಾಗದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುವುದು.

“ಬೇಡ. ಸರ್ ಹೇಳಿದ್ದು ಕೇಳಿಸ್ಲಿಲ್ವಾ?”

ಸೀನಿಯರ್ ಶಾಲೆಯಲ್ಲಿ ಮೊದಲ ವರ್ಷಕ್ಕೆ ನಾಲ್ಕು ವಿಭಾಗಗಳಿವೆ, ನಾನೂ ಶೆರಿನ್ನೂ ಒಂದೇ ವಿಭಾಗಕ್ಕೆ ಬೀಳಬೇಕು, ಅದೊಂದು ಬಿಟ್ಟರೆ ನನಗೆ ಬೇರೇನೂ ಬೇಡ ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದಳು. ಹೇಳುವಾಗ ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

“ಮೊದಲು ಸೀಟು ಸಿಗ್ಲಿ ಅದಿತಿ! ಸೀಟೇ ಇಲ್ದೆ ಯಾವ ವಿಭಾಗ? ಒಳಗೆ ಸೇರ್ಕೊಂಡ್ಮೇಲೆ ನಿಂಗೆ ಬೇಕಾದವರ ಪಕ್ಕ ಕೂತ್ಕೋ.”

ನಾನು ರೇಡಿಯೋ ಹಾಕಿದೆ.

ಮಾರ್ಚಿನಲ್ಲಿ ಮಾತುಕತೆಯ ದಿನ ದೇವರಿಗೆ ದೀಪ ಹಚ್ಚಿ, ಒಂದು ಚಮಚ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದೆ. ಸಂಜೆ ಬಂದವಳನ್ನು ಬಾಗಿಲಲ್ಲೇ ಹಿಡಿದು ಕೇಳಿದೆ, “ಹೇಗಾಯ್ತೇ? ಏನೇನು ಕೇಳಿದ್ರು? ಎಲ್ಲ ಹೇಳಿದ್ಯಾ?”

“ಗ್ರ್ಯಾಂಡ್.”

“ಗ್ರ್ಯಾಂಡ್ ಅಂದ್ರೇನು? ಬಾಯಿ ಬಿಟ್ಟು ಹೇಳು.”

“ಇಟ್ ವಾಸ್ ಗ್ರ್ಯಾಂಡ್, ಅಮ್ಮ.” ಬ್ಯಾಗು ಇಟ್ಟು ಮಹಡಿ ಹತ್ತಿ ಹೋದಳು. ಈ ದೇಶದಲ್ಲಿ ಗ್ರ್ಯಾಂಡ್ ಅನ್ನುವುದು ಒಂದು ಮಾತೇ ಅಲ್ಲ. ಕಾಲು ಮುರಿದವನೂ ಗ್ರ್ಯಾಂಡ್, ಲಾಟರಿ ಹೊಡೆದವನೂ ಗ್ರ್ಯಾಂಡ್. ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮಿಸಸ್ ಗೆರಾಟಿಯವರ ಫೋನು ಬಂತು. ಅದಿತಿಯನ್ನು ಕರೆದುಕೊಂಡು ಹೋಗಲು ಬರುವಾಗ ಸ್ವಲ್ಪ ಮೊದಲೇ ಬಂದು ನನ್ನನ್ನು ಕಾಣುತ್ತೀರಾ ಎಂದರು. ಕಿರಣ್ ಶಿಫ್ಟಿನಲ್ಲಿದ್ದ. ನಾನೊಬ್ಬಳೇ ಹೋದೆ.

ಅವರು ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು. ಆಮೇಲೆ ಕೇಳಿದರು, “ನಿಮ್ಮ ಪಕ್ಕದ ಮನೆಯಲ್ಲಿ ಮಿಸಸ್ ನೋಲನ್ ಅಂತ ಇದ್ದಾರಂತೆ, ಹೌದೇ?”

“ಹೌದು” ಎಂದೆ ಕಣ್ಣು ಮಿಟುಕಿಸದೆ. “ತುಂಬ ಒಳ್ಳೆಯವರು.”

“ಪಾಪ. ಅವರು ಈ ವರ್ಷ ಮೂರು ಉಪ್ಪಿನ ಕೇಕ್ ತಿಂದಿದ್ದಾರೆ.”

ನಾನು ಕಪ್ಪನ್ನು ಕೆಳಗಿಟ್ಟೆ. ಮಕ್ಕಳ ಜೊತೆ ಮಾತಾಡಿದ್ದು ಬೇರೆ ಬೇರೆ ಟೀಚರುಗಳಂತೆ. ಅದಿತಿಯ ಜೊತೆ ಇವರೇ ಕೂತಿದ್ದರು. ನಿನ್ನೆ ಸ್ಟಾಫ್‌ರೂಮಿನಲ್ಲಿ ಯಾರೋ ಕೇಕಿನ ಕಥೆ ತಮಾಷೆಗೆ ಹೇಳಿದಾಗ ಇನ್ನೊಬ್ಬರು, ಅರೆ, ಇದೇ ಕಥೆ ನನಗೂ ಒಬ್ಬ ಹುಡುಗ ಹೇಳಿದನಲ್ಲ ಅಂದರಂತೆ. ಮಿಸಸ್ ಗೆರಾಟಿ ಸಿಟ್ಟಾಗಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ಅವರು ನಗುತ್ತಿದ್ದರು.

ನಾನು ದಡಬಡಿಸಿ ಮಾತಾಡಿದೆ. ಮಕ್ಕಳದೇನೂ ತಪ್ಪಿಲ್ಲ, ತಯಾರಿ ಮಾಡಿಸಿದವರು ನಾವು, ಇದಕ್ಕಾಗಿ ಸೀಟು ಕಿತ್ತುಕೊಳ್ಳಬೇಡಿ, ಬೇರೆ ಯಾವ ಶಾಲೆಯಲ್ಲೂ ಜಾಗವಿಲ್ಲ ಎಂದೆ.

“ಯಾವ ಸೀಟು?” ಎಂದರು ಮಿಸಸ್ ಗೆರಾಟಿ. “ಇಲ್ಲಿ ಓದುವ ಎಲ್ಲ ಮಕ್ಕಳಿಗೂ ಅಲ್ಲಿ ಜಾಗ ಇದ್ದೇ ಇದೆ. ಅದಿತಿ ಸೇರಿದ ದಿನದಿಂದ ಅವಳದು ಅವಳಿಗೇ ಇದೆ. ಯಾರೂ ಫೇಲಾಗುವುದಿಲ್ಲ ಅಂತ ನಾನು ಸಭೆಯಲ್ಲಿ ಹೇಳಿದ್ದೆನಲ್ಲ?”

“ನೀವು ಹೇಳಿದ್ದು ನಿಜ ಅಂತ ನಮಗೆ ಹೇಗೆ ಗೊತ್ತಾಗಬೇಕು?” ಎಂದುಬಿಟ್ಟೆ.

ಆಕೆಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಪ್ಪು ಹಿಡಿದುಕೊಂಡು ನನ್ನನ್ನು ನೋಡುತ್ತಾ ಕೂತರು. ನನಗೆ ಸಿಟ್ಟು ಎಲ್ಲಿಂದ ಎಲ್ಲಿಗೋ ಏರಿತು. ಸೀಟು ಇದ್ದೇ ಇದ್ದ ಮೇಲೆ ಮಾತುಕತೆ ಏಕೆ? ಚಳಿಗಾಲದ ಶನಿವಾರಗಳನ್ನೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಕಳೆದೆವಲ್ಲ, ಅದಕ್ಕೆ ಯಾರು ಹೊಣೆ? ಮಕ್ಕಳನ್ನು ಸುಮ್ಮನೆ ಕೂರಿಸಿಕೊಂಡು ಕೇಳುವುದೇನಿತ್ತು?

“ಒಂದೇ ವಿಷಯ ಕೇಳಬೇಕಾಗಿತ್ತು” ಎಂದರು ಅವರು. “ಹೊಸ ಶಾಲೆಯ ಮೊದಲ ದಿನ ಕ್ಲಾಸಿಗೆ ಕಾಲಿಡುವಾಗ ಯಾರ ಮುಖ ಕಂಡರೆ ನಿನಗೆ ಧೈರ್ಯವಾಗುತ್ತದೆ ಅಂತ. ಉಳಿದದ್ದೆಲ್ಲ ಮಕ್ಕಳ ನಾಚಿಕೆ ಬಿಡಿಸುವುದಕ್ಕೆ. ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಹೇಳಿದರೆ ಇಬ್ಬರನ್ನೂ ಒಂದೇ ವಿಭಾಗಕ್ಕೆ ಹಾಕುತ್ತೇವೆ. ಒಬ್ಬರು ಹೇಳಿ ಇನ್ನೊಬ್ಬರು ಹೇಳದಿದ್ದರೆ ಬಲವಂತ ಮಾಡುವುದಿಲ್ಲ, ಅದರಿಂದ ಎಷ್ಟೋ ಸಲ ನೋವಾಗುತ್ತದೆ. ಅದಿತಿ ಯಾರ ಜೊತೆಯಾದರೂ ಸರಿ ಎಂದಳು. ನಾನು ಇನ್ನೊಮ್ಮೆ ಕೇಳಿದೆ. ಮತ್ತೆ ಅದೇ ವಾಕ್ಯವನ್ನೇ ಹೇಳಿದಳು. ಹೊರಗಿನ ಶಾಲೆಗಳಿಂದ ಬರುವ ಮಕ್ಕಳೇ ಹೆಚ್ಚಿರುವ ವಿಭಾಗಕ್ಕೆ ಅವಳನ್ನು ಹಾಕಿದ್ದೇವೆ. ಯಾರ ಜೊತೆಯಾದರೂ ಹೊಂದಿಕೊಳ್ಳುವ ಮಗು ಅಲ್ಲಿ ಬೇಕಾಗುತ್ತದೆ.”

ನಿಜ ಹೇಳುತ್ತೇನೆ, ಕೊನೆಯ ಮಾತು ಕೇಳಿ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ ಕಾರಿನ ಕಿಟಕಿಯ ಕಡೆ ತಿರುಗಿ ಕೂತಿದ್ದ ಅದಿತಿಯ ಜಡೆ ಕಣ್ಣಿಗೆ ಬಂತು.

“ಅದು ಅವಳ ಮಾತಲ್ಲ, ನಾವು ಹೇಳಿಕೊಟ್ಟದ್ದು” ಎಂದೆ. “ಅವಳಿಗೆ ಶೆರಿನ್ ಜೊತೆ ಇರಬೇಕು. ಬದಲಾಯಿಸಿ.”

ಬೇರೆ ಮಗುವಿನ ವಿಷಯ ನಾನು ಮಾತಾಡುವಂತಿಲ್ಲ ಎಂದರು. ವಿಭಾಗಗಳನ್ನು ಇವತ್ತು ಎಲ್ಲ ಮನೆಗಳಿಗೂ ತಿಳಿಸಿಯಾಗಿದೆ, ಈಗ ಒಬ್ಬಳನ್ನು ಎತ್ತಿ ಇಟ್ಟರೆ ಅವಳ ಜಾಗಕ್ಕೆ ಇನ್ನೊಬ್ಬಳನ್ನು ಅವಳ ಗೆಳತಿಯಿಂದ ಬಿಡಿಸಿ ತರಬೇಕು, ಅದು ಆಗುವುದಿಲ್ಲ ಎಂದರು. ನಾನು ವಾದ ಮಾಡಿದೆ. ಬೇಡಿಕೊಂಡೆ. ಹೇಮಚಂದ್ರರನ್ನು ಬೈದೆ, ಅವರ ಸ್ಕಿಲ್ಲುಗಳನ್ನೂ ಬೈದೆ. ಮಿಸಸ್ ಗೆರಾಟಿ ಎಲ್ಲವನ್ನೂ ಕೇಳಿಸಿಕೊಂಡು, ಆಗುವುದಿಲ್ಲ ಎನ್ನುವುದನ್ನು ಅಷ್ಟೇ ಮೆತ್ತಗೆ ಮತ್ತೊಮ್ಮೆ ಹೇಳಿದರು. ಬೆಣ್ಣೆಯೊಳಗೆ ಕಲ್ಲಿರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಶಾಲೆ ಬಿಟ್ಟಿತ್ತು. ಅದಿತಿ ಪಾರ್ಕಿಂಗ್‌ನಲ್ಲಿ ನಮ್ಮ ಕಾರಿಗೆ ಒರಗಿಕೊಂಡು ನಿಂತಿದ್ದಳು. ಅವಳನ್ನು ಕೂರಿಸಿಕೊಂಡು ನಡೆದದ್ದೆಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಈ ಶಾಲೆ ಸರಿಯಿಲ್ಲ, ಈ ದೇಶದವರಿಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಲು ಬರುವುದಿಲ್ಲ, ನಿಮ್ಮಪ್ಪನಿಗೆ ಯಾವುದರ ಪರಿವೆಯೂ ಇಲ್ಲ, ಆ ಹೇಮಚಂದ್ರನ ಮುಖ ಇನ್ನು ನೋಡುವುದಿಲ್ಲ ಎಂದು ಒಂದೇ ಸಮನೆ ಕೂಗಾಡಿದೆ. ಅವಳು ಮಡಿಲಲ್ಲಿದ್ದ ಊಟದ ಡಬ್ಬದ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕೂತಿದ್ದಳು.

ನಾನು ನಿಲ್ಲಿಸಿದ ಮೇಲೆ ಇಂಗ್ಲಿಷಿನಲ್ಲಿ ಹೇಳಿದಳು, “ಶೆರಿನ್ ನನ್ನ ಹೆಸರು ಹೇಳಿದ್ದಳು. ನನ್ನದೊಂದೇ.”

“ನಿಂಗೆ ಹೇಗೆ ಗೊತ್ತು?”

ಮಾತುಕತೆಯ ದಿನವೇ, ಊಟದ ಹೊತ್ತಿಗೆ ಶೆರಿನ್ ಬಂದು ಹೇಳಿದ್ದಳಂತೆ. ನಾನು ನಿನ್ನ ಹೆಸರು ಹೇಳಿದೆ, ನೀನು ನನ್ನದು ಹೇಳಿದೆಯಾ ಎಂದು ಕೇಳಿದ್ದಳಂತೆ.

“ನೀನೇನಂದೆ?”

“ಐ ಸೆಡ್ ಐ ಡಿಡ್.”

ಅಷ್ಟು ದಿನ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಳು. ಗ್ರ್ಯಾಂಡ್ ಗ್ರ್ಯಾಂಡ್ ಅನ್ನುತ್ತಾ ಅನ್ನ ತಿಂದಿದ್ದಳು, ಹೋಂವರ್ಕ್ ಮಾಡಿದ್ದಳು, ಶೆರಿನ್ ಮನೆಗೆ ಹೋಗಿ ರಾತ್ರಿ ಉಳಿದು ಬಂದಿದ್ದಳು.

ಅಷ್ಟರಲ್ಲಿ ನನ್ನ ಫೋನಿಗೆ ಹೆಲೆನ್‌ಳ ಸಂದೇಶ ಬಂತು. ‘ಹುಡುಗಿಯರು ಬೇರೆ ಬೇರೆ ಕ್ಲಾಸ್ ಆದ್ರಲ್ಲ ಮಾರಾಯ್ತಿ. ಶೆರಿನ್ ಒಂದೇ ಸಮ ಅಳ್ತಾ ಇದ್ದಾಳೆ. ಇಬ್ಬರೂ ಒಬ್ಬರದ್ದೊಬ್ಬರು ಹೆಸರು ಹೇಳಿದ್ರಲ್ಲ, ಶಾಲೆಯವರದ್ದೇ ಎಂತದೋ ಮಿಸ್ಟೇಕ್ ಆಗಿದೆ. ನಾಳೆ ನಾವಿಬ್ಬರೂ ಹೋಗಿ ಕೇಳುವ.’

ಓದಿ ನನಗೆ ಹೋದ ಜೀವ ಬಂದಂತಾಯಿತು. “ನೋಡು, ಹೆಲೆನ್ ಆಂಟಿನೇ ಸ್ಕೂಲ್ ಮಿಸ್ಟೇಕ್ ಅಂತಿದ್ದಾರೆ. ನೀನು ಸುಮ್ನಿರು ಸಾಕು. ನಾನು ಈಗ್ಲೇ ಫೋನ್ ಮಾಡಿ, ಸ್ಕೂಲ್‌ಗೆ ಹೋಗಿದ್ದೆ, ಏನೋ ಕಂಪ್ಯೂಟರ್‌ನಲ್ಲಿ ಹೆಚ್ಚುಕಡಿಮೆ ಆಗಿದೆಯಂತೆ, ಇನ್ನು ಬದಲಾಯ್ಸೋಕೆ ಆಗಲ್ವಂತೆ ಅಂತ ಹೇಳ್ತೀನಿ. ಶೆರಿನ್‌ಗೆ ಯಾವತ್ತೂ ಗೊತ್ತಾಗಲ್ಲ. ಅವಳು ನಿನ್ನ ಫ್ರೆಂಡಾಗೇ ಇರ್ತಾಳೆ.”

ಹೆಲೆನ್‌ಳ ನಂಬರಿನ ಮೇಲೆ ಬೆರಳಿಟ್ಟಿದ್ದೆ. ಅದಿತಿ ಫೋನಿನ ಮೇಲೆ ತನ್ನ ಅಂಗೈಯಿಟ್ಟು ಮುಚ್ಚಿದಳು.

“ಬೇಡ ಅಮ್ಮ” ಎಂದಳು, ಕನ್ನಡದಲ್ಲಿ. “ನಾನೇ ಹೇಳ್ತೀನಿ.”

“ಏನಂತ ಹೇಳ್ತೀಯ? ಸುಳ್ಳು ಹೇಳಿದ್ದೆ ಅಂತಾನಾ? ಅವಳು ನಿನ್ನ ಜೊತೆ ಮಾತು ಬಿಟ್ರೆ?”

ಅವಳು ಸೀಟ್‌ಬೆಲ್ಟ್ ಹಾಕಿಕೊಂಡಳು. ಶೆರಿನ್ ಮನೆಗೆ ಹೋಗೋಣ ಎಂದಳು. ಈಗಲೇ ಎಂದಳು.

ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ. ಹೀಗೆ ಶುರು ಮಾಡು, ಮೊದಲು ಕೋಚಿಂಗ್ ವಿಷಯ ಹೇಳು, ಅಮ್ಮ ಬಲವಂತ ಮಾಡಿದಳು ಅಂತ ಹೇಳು, ನನ್ನ ಮೇಲೆ ಹಾಕು ಪರವಾಗಿಲ್ಲ, ಆಮೇಲೆ ಸಾರಿ ಅನ್ನು, ಅಳಬೇಡ. ಸಿಗ್ನಲ್ಲಿನಲ್ಲಿ ನಿಂತಾಗ ಅದಿತಿ ನನ್ನ ಕಡೆ ತಿರುಗಿ ನೋಡಿದಳು. ನಾನು ಮಾತು ನಿಲ್ಲಿಸಿದೆ.

ಹೆಲೆನ್ ಮನೆ ಒಂದು ಬಡಾವಣೆಯ ಕೊನೆಯ ತಿರುವಿನಲ್ಲಿದೆ. ಎದುರಿಗೆ ಕಾರು ನಿಲ್ಲಿಸಿ ಸೀಟ್‌ಬೆಲ್ಟ್ ಬಿಚ್ಚಿದೆ.

“ನೀನು ಬರ್ಬೇಡ.”

“ನಾನು ಹೆಲೆನ್ ಆಂಟಿ ಹತ್ರ ಮಾತ್ರ—”

“ಅಮ್ಮ. ಪ್ಲೀಸ್.”

ಅವಳು ಇಳಿದು ಹೋದಳು. ಹನಿ ಬೀಳುತ್ತಿತ್ತು, ಜಾಕೆಟ್ಟಿನ ಟೋಪಿ ಹಾಕಿಕೊಳ್ಳಲಿಲ್ಲ. ಬೆಲ್ ಒತ್ತಿದಳು. ಶೆರಿನ್ನೇ ಬಾಗಿಲು ತೆರೆದಳು. ಕಾಲಲ್ಲಿ ಬರೀ ಕಾಲುಚೀಲ, ಮುಖ ಊದಿಕೊಂಡಿತ್ತು. ಅದಿತಿಯನ್ನು ಕಂಡದ್ದೇ ಎರಡೂ ಕೈ ಚಾಚಿ ತಬ್ಬಿಕೊಳ್ಳಲು ಬಂದಳು. ಅದಿತಿ ಒಂದು ಹೆಜ್ಜೆ ಹಿಂದೆ ಸರಿದಳು.

ನಾನು ಕಿಟಕಿಯ ಗಾಜು ಇಳಿಸಿದೆ. ಏನೂ ಕೇಳಿಸಲಿಲ್ಲ. ಅದಿತಿ ಮಾತಾಡುತ್ತಿದ್ದದ್ದು ಅವಳ ಭುಜದಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಹೆಚ್ಚು ಹೊತ್ತೇನೂ ಆಗಲಿಲ್ಲ. ಶೆರಿನ್ ಒಮ್ಮೆ ತಲೆಯೆತ್ತಿ ಕಾರಿನ ಕಡೆ, ನೇರವಾಗಿ ನನ್ನನ್ನೇ ನೋಡಿದಳು. ಹುಟ್ಟಿದಾಗಿನಿಂದ ಎನ್ನುವ ಹಾಗೆ ನನ್ನ ಮನೆಯಲ್ಲಿ ಚಪಾತಿ ತಿಂದು ಬೆಳೆದ ಹುಡುಗಿ, ಯಾರೋ ಗೊತ್ತಿಲ್ಲದವಳನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಅದಿತಿಗೆ ಏನೋ ಒಂದು ಮಾತು ಹೇಳಿ ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು.

ಅದಿತಿ ಮೆಟ್ಟಿಲ ಮೇಲೆ ಹಾಗೇ ನಿಂತಿದ್ದಳು. ಇನ್ನು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಬಾಗಿಲು ತಟ್ಟಬೇಕು, ಹೆಲೆನ್‌ಳನ್ನು ಕರೆದು ಎಲ್ಲ ಬಿಡಿಸಿ ಹೇಳಬೇಕು, ಆ ಮಗುವಿನ ಕೈ ಹಿಡಿದು ಕೇಳಿಕೊಳ್ಳಬೇಕು, ಹೇಗಾದರೂ ಮಾಡಿ ಇದನ್ನು ಸರಿಮಾಡಬೇಕು. ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ.

ಸದ್ದು ಕೇಳಿ ಅದಿತಿ ತಿರುಗಲಿಲ್ಲ. ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಅಂಗೈ ತೋರಿಸಿ, ನನ್ನನ್ನು ತಡೆದಳು.

ನಾನು ಕಾಲು ಒಳಗೆ ತೆಗೆದುಕೊಂಡೆ. ಅವಳು ಮುಖ ಒರೆಸಿಕೊಂಡು ಇನ್ನೊಂದು ಸಲ ಬೆಲ್ ಒತ್ತಿದಳು.